ತಳವಿಲ್ಲದ ಕಾರು

ಹಗ್ಗ ಕಟ್ಟಿ ಎಳೆದು ತಂದ ಹಳೇ ಕಾರು ಶೆಡ್ಡಿನ ಮುಂದೆ ನಿಂತಾಗ ಭಾವ ಹೇಳಿದ್ದು ಇಷ್ಟೇ: "ಡ್ರೈವರ್ ಸೀಟಿನ ಕೆಳಗೆ ಒಂದು ಸಣ್ಣ ತೂತು ಬಿದ್ದಿದೆ ಕಣಯ್ಯ. ತೇಪೆ ಹಾಕಿಬಿಟ್ರೆ ಮುಗೀತು."

ನೆಗ್ಗಿದ ಬಾಗಿಲು, ತುಕ್ಕು ತಿಂದ ಮಡ್‌ಗಾರ್ಡುಗಳ ನಡುವೆಯೇ ಮೂವತ್ತು ವರ್ಷ ಕಳೆದಿದ್ದ ಟಿಂಕರ್, ಸಣ್ಣ ತೂತು ಎನ್ನುವವರನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಗಾಡಿಯನ್ನು ಬಂದ ದಾರಿಯಲ್ಲೇ ವಾಪಸ್ಸು ಕಳಿಸುತ್ತಿದ್ದ. ಆದರೆ ಬಂದವರು ಸ್ವಂತ ಅಕ್ಕನ ಗಂಡ. ಅರವತ್ತು ವರ್ಷ ಹಳೆಯದಾದ ಆ ಕಾರು ಅವರ ಅಪ್ಪನದು. "ನೋಡೋಣ ಭಾವ" ಎಂದು ಒಳಗೆ ತಳ್ಳಿಸಿದ.

ಕಾಲಡಿಯ ಚಾಪೆ ಎತ್ತಿದಾಗ ಕೆಳಗೆ ಟಾರು ಇತ್ತು. ಟಾರನ್ನು ಕೆರೆದರೆ ಎಣ್ಣೆ ಡಬ್ಬದ ತಗಡು. ತಗಡಿನಡಿ ಯಾವನೋ ಪುಣ್ಯಾತ್ಮ ಸಿಮೆಂಟು ಮೆತ್ತಿದ್ದ. ಟಿಂಕರ್ ಒಂದು ನಿಮಿಷ ಆ ಸಿಮೆಂಟನ್ನೇ ನೋಡುತ್ತ ಕೂತ. ಆಮೇಲೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿದ. ಹಪ್ಪಳ ಮುರಿದ ಹಾಗೆ ಒಂದು ತುಂಡು ಕಳಚಿ ಬಿದ್ದು, ಶೆಡ್ಡಿನ ನೆಲ ಕಂಡಿತು. ಕಾರಿನ ಕೆಳಗೆ ಮಲಗಿ ನೋಡಿದರೆ ತಳದ ಹಾಳೆಯಷ್ಟೇ ಅಲ್ಲ, ಅದನ್ನು ಹೊತ್ತಿದ್ದ ಚಾಸಿಯ ಉದ್ದ ತೊಲೆಯೂ ಒಂದು ಮೊಳದಷ್ಟು ಟೊಳ್ಳಾಗಿತ್ತು.

"ಇದಕ್ಕೆ ತೇಪೆ ನಿಲ್ಲಲ್ಲ ಭಾವ. ಪೂರ್ತಿ ತಳ ಕತ್ತರಿಸಿ ತೆಗೀಬೇಕು, ಚಾಸಿಗೂ ಹೊಸ ಕಬ್ಬಿಣ ಕೂರಿಸಬೇಕು. ಮೂರು ತಿಂಗಳು."

"ಮೂರು ತಿಂಗಳಾ? ಫೋನಿನ ವಿಡಿಯೋದಲ್ಲಿ ಒಬ್ಬ ಎರಡು ದಿನದಲ್ಲಿ ಮಾಡಿ ತೋರಿಸ್ತಾನೆ."

"ಹಾಗಾದ್ರೆ ಅವನ ಹತ್ರನೇ ತಗೊಂಡು ಹೋಗಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಟಿಂಕರ್ ಅದನ್ನು ನುಂಗಿಕೊಂಡ.

ಅಂದಿನಿಂದ ಭಾವ ದಿನಾ ಹತ್ತು ಗಂಟೆಗೆ ಹಾಜರು. ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಮುರುಕು ಸ್ಟೂಲು ಎಳೆದುಕೊಂಡು ಕೂತು, ಗ್ರೈಂಡರಿನ ಸದ್ದು ನಿಂತಾಗಲೆಲ್ಲ ಒಂದೊಂದು ಸಲಹೆ ಕೊಡುತ್ತಿದ್ದರು. ತಗಡು ದಪ್ಪವಾಯಿತು, ತೆಳುವಾಯಿತು, ಆ ಕಿಡಿ ಇಷ್ಟು ದೂರ ಹಾರಬಾರದು. ಒಮ್ಮೆ ಟಿಂಕರ್ ಕಾರಿನಡಿ ಮಲಗಿ, ಕಣ್ಣಿಗೆ ಬಿದ್ದ ತುಕ್ಕಿನ ಪುಡಿ ಉಜ್ಜಿಕೊಳ್ಳುತ್ತಿದ್ದಾಗ, ಭಾವ ಬಗ್ಗಿ ಮುಖವಿಟ್ಟು, "ಕನ್ನಡಕ ಹಾಕ್ಕೋಬೇಕಪ್ಪ" ಎಂದರು. ಆ ಕನ್ನಡಕದ ಮೇಲೆ ಸ್ಟೂಲಿನ ಕಾಲಿಟ್ಟು ಕೂತಿದ್ದವರು ಅವರೇ.

ತಳ ಕತ್ತರಿಸುವ ಮೊದಲು ಟಿಂಕರ್ ಬಾಗಿಲುಗಳನ್ನು ಕಳಚಿ, ಆ ಜಾಗದಲ್ಲಿ ಎರಡೂ ಕಡೆ ಕಬ್ಬಿಣದ ಪೈಪುಗಳನ್ನು ಅಡ್ಡಡ್ಡ ಇಟ್ಟು ಬೋಲ್ಟು ಬಿಗಿದ. "ಭಾವ, ಇದೊಂದು ಕೇಳಿಸ್ಕೊಳ್ಳಿ. ತಳ ತೆಗೆದ ಮೇಲೆ ಈ ಗಾಡಿ ನಿಂತಿರೋದೇ ಈ ಪೈಪುಗಳ ಮೇಲೆ. ಇದನ್ನ ಯಾರೂ ಮುಟ್ಟಬಾರದು."

"ನಾನೇನು ಚಿಕ್ಕ ಮಗುನಾ?" ಎಂದರು ಭಾವ.

ಮಧ್ಯದ ಅಡ್ಡಪಟ್ಟಿಯೊಂದನ್ನು ಬಿಟ್ಟು ತಳವೆಲ್ಲ ಹೊರಬಂತು. ತುಕ್ಕು ಹಿಡಿದ ತೊಲೆಯ ಭಾಗವನ್ನೂ ಟಿಂಕರ್ ಕತ್ತರಿಸಿ ತೆಗೆದ. ಹೊಸ ಹಾಳೆಗೆ ಅಂಚು ಮಡಚುವ ದೊಡ್ಡ ಯಂತ್ರ ಅವನಲ್ಲಿರಲಿಲ್ಲ. ಹಳೇ ತುಂಡುಗಳನ್ನೆಲ್ಲ ರಟ್ಟಿನ ಮೇಲಿಟ್ಟು ಅಳತೆ ಗೀಚಿಕೊಂಡು, ಪಕ್ಕದ ಊರಿನ ಕಾರ್ಖಾನೆಗೆ ಹೋಗಿ ಎರಡು ದಿನ ಎದುರಿಗೇ ನಿಂತು ಮಡಚಿಸಿದ. ಶೆಡ್ಡಿಗೆ ಚಿಲಕವಷ್ಟೇ ಇತ್ತು, ಬೀಗವಿರಲಿಲ್ಲ.

ಮೂರನೆಯ ದಿನ ಹಾಳೆ ಹೊತ್ತು ಬಂದು ನೋಡಿದರೆ, ಬಲಗಡೆಯ ಎರಡೂ ಪೈಪುಗಳು ಗೋಡೆಗೆ ಒರಗಿ ನಿಂತಿದ್ದವು. ಕಾರಿನೊಳಗೆ ಅಡ್ಡಪಟ್ಟಿಯ ಮೇಲೆ ಹಲಗೆ, ಹಲಗೆಯ ಮೇಲೆ ಸೀಟು. ಟಿಂಕರ್ ಹಾಳೆಯನ್ನು ಕೆಳಗಿಟ್ಟು ಬಲಬಾಗಿಲನ್ನು ಚೌಕಟ್ಟಿಗೆ ಹಿಡಿದು ನೋಡಿದ. ಮೇಲಿನ ಮೂಲೆ ತಾಗಿ ನಿಂತಿತು. ಹೊಸ ತಳವನ್ನು ಕೂರಿಸಲು ಹೋದ. ಒಂದು ಬೆರಳು ಹೆಚ್ಚಾಯಿತು. ಹಾಳೆಯಲ್ಲಿ ತಪ್ಪಿರಲಿಲ್ಲ. ಕಾರಿನ ನಡುವೇ ಕುಸಿದಿತ್ತು.

ಹತ್ತು ಗಂಟೆಗೆ ಭಾವ ಬಂದರು. ಟಿಂಕರ್ ಪೈಪುಗಳತ್ತ ಕೈ ತೋರಿಸಿದ.

"ಅದು... ಸೀಟು ಹೇಗೆ ಕೂರುತ್ತೆ ಅಂತ ನೋಡೋಣ ಅನ್ನಿಸ್ತು" ಎಂದರು ಭಾವ. "ಮತ್ತೆ ಹಾಕೋಣ ಅಂದ್ರೆ ಬೋಲ್ಟು ತೂತಿಗೆ ಸೇರಲಿಲ್ಲ."

"ಹೇಗೆ ಸೇರುತ್ತೆ? ಗಾಡಿ ಒಂದು ಬೆರಳಷ್ಟು ಬಗ್ಗಿದೆ."

"ಒಂದು ಬೆರಳು ತಾನೇ..."

ಟಿಂಕರ್‌ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದರೆ ಅಕ್ಕನ ಮನೆಯ ಹೊಸಿಲು ಮತ್ತೆ ತುಳಿಯಲಾಗದ ಮಾತು ಬರುತ್ತದೆಂದು ಅವನಿಗೆ ಗೊತ್ತಿತ್ತು. ಗ್ರೈಂಡರಿನ ವೈರು ಸುತ್ತಿಟ್ಟ, ಕೈ ತೊಳೆದ, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಭಾವ ಹೊರಗೆ ನಿಂತು ಎರಡು ಸಲ ಕೆಮ್ಮಿ ಹೊರಟುಹೋದರು.

ಅಕ್ಕ ಫೋನು ಮಾಡಿದಳು. "ನಿಮ್ಮ ಭಾವ ಊಟ ಸರಿಯಾಗಿ ಮಾಡ್ತಿಲ್ಲ ಕಣೋ."

"ನನ್ನ ಕೈಗೆ ಸುತ್ತಿಗೆ ಸಿಗದೇ ಇದ್ದದ್ದು ಅವರ ಪುಣ್ಯ ಅಂತ ಹೇಳು" ಎಂದು ಫೋನು ಇಟ್ಟ. ಮೂರು ದಿನ ಶೆಡ್ಡಿಗೆ ಕಾಲಿಡಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಂಗಳದಲ್ಲಿ ಆಟೋ ನಿಂತಿತು. ಇಳಿದವರು ಅಕ್ಕನ ಅತ್ತೆ. ಎಂಬತ್ತೊಂದು ದಾಟಿದ, ಕಡ್ಡಿಯಂತಹ ಹೆಂಗಸು, ಒಬ್ಬರೇ ಬಂದಿದ್ದರು. ಟಿಂಕರ್ ಕುರ್ಚಿ ತಂದರೆ ಕೂರಲಿಲ್ಲ.

"ಆ ಪೈಪು ತೆಗಿಸಿದ್ದು ನಾನು" ಎಂದರು.

"ನೀವಾ ಅತ್ತೆ?"

"ಗಾಡಿ ನೋಡಬೇಕು ಅಂತ ಹಟ ಹಿಡಿದೆ. ಬಂದ ಮೇಲೆ ಒಂದು ಸಲ ಕೂರಬೇಕು ಅನ್ನಿಸ್ತು. ಪೈಪು ಅಡ್ಡ ಇತ್ತು. ಅವನು ಬೇಡ ಬೇಡ ಅಂದ, ನಿನಗೆ ಮಾತು ಕೊಟ್ಟಾಗಿದೆ ಅಂದ. ನಾನು ಕೇಳಲಿಲ್ಲ. ಹೆತ್ತ ತಾಯಿಗೆ ಇಲ್ಲ ಅಂತೀಯಾ ಅಂದೆ. ಪಾಪ, ಏನು ಮಾಡ್ತಾನೆ."

"ಅವರು ಅದನ್ನ ಹೇಳಲೇ ಇಲ್ಲ."

"ಹೇಳಲ್ಲ. ನನ್ನ ಹೆಸರು ಬರಬಾರದು ಅಂತ."

"ಕೂತು ಏನು ಮಾಡಿದ್ರಿ?" ಎಂದ ಟಿಂಕರ್.

"ಕ್ಲಚ್ಚು ಒತ್ತಿ ನೋಡಿದೆ. ಇನ್ನೂ ಗಟ್ಟಿ ಇದೆ." ಮುದುಕಿ ಅವನ ಮುಖ ನೋಡಿದರು. "ಎಲ್ಲರೂ ಯಜಮಾನರ ಕಾರು ಅಂತಾರೆ. ಅವರಿಗೆ ಸ್ಟೀರಿಂಗು ಹಿಡಿದ್ರೆ ಕೈ ನಡುಗ್ತಿತ್ತು. ಇಪ್ಪತ್ತೆರಡು ವರ್ಷ ಓಡಿಸಿದ್ದು ನಾನು. ಮನೆಯ ತಿರುವಿಗೆ ಬಂದಾಗ ಸೀಟು ಬದಲಾಯಿಸ್ಕೋತಿದ್ವಿ, ಅಕ್ಕಪಕ್ಕದವರು ನೋಡ್ತಾರೆ ಅಂತ. ಆ ಅರ್ಧ ಬೀದಿ ಅವರು ಓಡಿಸೋದು."

ಟಿಂಕರ್‌ನ ಸಿಟ್ಟು ಪೂರ್ತಿ ಇಳಿಯಲಿಲ್ಲ. ಗಾಡಿ ಬಗ್ಗಿದ್ದು ಬಗ್ಗಿಯೇ ಇತ್ತು. ಆದರೆ ಆ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. "ಭಾವನಿಗೆ ಬರೋಕೆ ಹೇಳಿ. ಅಕ್ಕನೂ ಬರಲಿ. ಕೆಲಸ ಇದೆ" ಎಂದ.

ಮರುದಿನದಿಂದ ನಾಲ್ಕೂ ಜನ ಶೆಡ್ಡಿನಲ್ಲಿದ್ದರು. ಬಾಗಿಲ ಕೆಳಗಿನ ಪಟ್ಟಿಗೆ ಮರದ ದಿಮ್ಮಿ ಕೊಟ್ಟು, ಅದರಡಿ ಜಾಕಿ ಇಟ್ಟು, ಕುಸಿದ ನಡುವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಎತ್ತಬೇಕಿತ್ತು. ಜಾಕಿ ತಿರುಗಿಸುವುದು ಭಾವನ ಕೆಲಸ. ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಲು ಒಂದು ತುದಿಯಲ್ಲಿ ಅತ್ತೆ, ಇನ್ನೊಂದರಲ್ಲಿ ಟಿಂಕರ್. ಮತ್ತೆ ತಗುಲಿಸಿದ ಬಾಗಿಲನ್ನು ಹಾಕಿ ತೆಗೆದು ನೋಡುವವಳು ಅಕ್ಕ.

"ಕಾಲು ಸುತ್ತು" ಎನ್ನುವನು ಟಿಂಕರ್.

ಭಾವ ಅರ್ಧ ಸುತ್ತು ತಿರುಗಿಸುವರು.

"ಕಾಲು ಅಂದೆ ಭಾವ."

"ಕಾಲೇ ತಿರುಗಿಸಿದ್ದು."

"ಅರ್ಧ ತಿರುಗಿಸಿದ್ರಿ, ನಾನು ನೋಡಿದೆ" ಎನ್ನುವಳು ಅಕ್ಕ. ಮತ್ತೆ ಇಳಿಸಬೇಕು, ಮತ್ತೆ ಅಳೆಯಬೇಕು. ಮೊದಲ ದಿನ ಸಂಜೆಗೆ ಎಷ್ಟು ಎತ್ತಿದ್ದರೋ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದರರ್ಧ ಮತ್ತೆ ಕುಸಿದಿತ್ತು. ಟಿಂಕರ್ ಹಣೆ ಚಚ್ಚಿಕೊಂಡ. ದಿಮ್ಮಿಯ ಮರ ಮೆತ್ತಗಿತ್ತು. ಕಬ್ಬಿಣದ ತುಂಡು ಕೊಟ್ಟು ಹೊಸದಾಗಿ ಶುರು ಮಾಡಿದ. ಎರಡನೆಯ ದಿನ ಭಾವನ ಬೆನ್ನು ಹಿಡಿದುಕೊಂಡಿತು. ಮೂರನೆಯ ದಿನ ಅಕ್ಕ, ಮದುವೆಯಾಗಿ ಇಷ್ಟು ವರ್ಷದಲ್ಲಿ ಗಂಡನ, ತಮ್ಮನ ಜಗಳ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ ಎಂದು ಬಾಗಿಲು ಬಿಟ್ಟು ಹೋಗಿ ಅಂಗಳದಲ್ಲಿ ಕೂತಳು. ಅತ್ತೆ ಮಾತ್ರ ಟೇಪಿನ ತುದಿಯನ್ನು ಹೆಬ್ಬೆರಳಿನಡಿ ಒತ್ತಿ ಹಿಡಿದು, ಕದಲದೆ ನಿಂತಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಅಕ್ಕ ಬಾಗಿಲು ತಳ್ಳಿದಳು. ಅದು ಸದ್ದಿಲ್ಲದೆ ಹೋಗಿ ಕೂತಿತು. ಅವಳು ಮತ್ತೊಮ್ಮೆ ತೆಗೆದು ಹಾಕಿದಳು. ಟಿಂಕರ್ ಓಡಿಹೋಗಿ ಪೈಪುಗಳನ್ನು ತಂದು, ಈ ಸಲ ಬೋಲ್ಟಿನ ಜೊತೆ ವೆಲ್ಡಿಂಗ್ ಚುಕ್ಕೆಯನ್ನೂ ಹಾಕಿದ.

ಚಾಸಿಗೆ ಹೊಸ ತುಂಡು ಕೂತಿತು, ತಳದ ಹಾಳೆ ಕೂತಿತು. ವೆಲ್ಡಿಂಗ್ ಅಂಚುಗಳನ್ನು ಉಜ್ಜಿ, ಪ್ರೈಮರ್ ಬಳಿದು, ಕಪ್ಪು ಬಣ್ಣ ಹೊಡೆಯುವಷ್ಟರಲ್ಲಿ ಮೂರು ತಿಂಗಳು ಹೋಗಿ ಐದಾಗಿತ್ತು. ಭಾವ ದಿನಾ ಬರುತ್ತಲೇ ಇದ್ದರು. ಟಿಂಕರ್ ಅವರ ಕೈಗೆ ಉಜ್ಜುಕಾಗದ ಕೊಟ್ಟು ಕೂರಿಸಿದ. ಸಲಹೆ ನಿಲ್ಲದಿದ್ದರೂ ಕೆಲಸವಾಯಿತು.

ಎಂಜಿನ್ನು ಶುರುವಾದ ದಿನ ಭಾವ ಬಾಗಿಲು ತೆಗೆದು ತಾಯಿಯನ್ನು ಸ್ಟೀರಿಂಗಿನ ಹಿಂದೆ ಕೂರಿಸಿ, ತಾವು ಪಕ್ಕದಲ್ಲಿ ಕೂತರು. ಅಕ್ಕ, ಟಿಂಕರ್ ಹಿಂದೆ. ಅತ್ತೆ ಹೊರಟವರು ಎರಡು ಅಡಿ ಹೋಗಿ ನಿಲ್ಲಿಸಿದರು.

"ಸೀಟು ಎಡಕ್ಕೆ ಬಂದಿದೆ."

"ಇಲ್ಲ ಅತ್ತೆ, ಹಳೇ ಅಳತೆಗೇ ಹಾಕಿದ್ದೀನಿ."

"ನನ್ನ ಕಾಲಿಗೆ ಗೊತ್ತಾಗಲ್ವಾ?"

ಟಿಂಕರ್ ಇಳಿದು ಅಳೆದ. ಅರ್ಧ ಬೆರಳು ಎಡಕ್ಕಿತ್ತು. ಉಸಿರು ಬಿಟ್ಟು, ನಾಲ್ಕೂ ಬೋಲ್ಟು ಬಿಚ್ಚಿ, ಹೊಳೆಯುತ್ತಿದ್ದ ಬಣ್ಣದ ಮೇಲೆ ಮತ್ತೆ ಡ್ರಿಲ್ಲು ಇಟ್ಟ. ಒಂದು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅತ್ತೆ ಕೈಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಆಮೇಲೆ ಕಾರು ಬೀದಿಗಿಳಿಯಿತು. "ನಿಧಾನ ಅಮ್ಮ, ಗೇರು ಹಾಕು, ಎಡಕ್ಕೆ, ಹಾರನ್ನು" ಎಂದು ಭಾವ ಶುರು ಮಾಡಿದರು.

"ಬಾಯಿ ಮುಚ್ಕೊಂಡು ಕೂತ್ಕೋ" ಎಂದರು ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ.

ಅಕ್ಕ ಕಿಟಕಿಯ ಕಡೆ ತಿರುಗಿ ಸೆರಗು ಬಾಯಿಗೊತ್ತಿಕೊಂಡಳು. ಪೆಟ್ರೋಲ್ ಬಂಕಿನ ಆಚೆ ರಸ್ತೆ ಕೆಟ್ಟಿತ್ತು. ಟಿಂಕರ್ ಚಪ್ಪಲಿ ಕಳಚಿ, ಬರಿಗಾಲನ್ನು ಹೊಸ ತಳದ ಮೇಲೆ ಒತ್ತಿ ಕಿವಿಗೊಟ್ಟ. ಗುಂಡಿಯ ಮೇಲೆ ಗುಂಡಿ ಬಂದರೂ ಎಲ್ಲೂ ಕಿರುಗುಟ್ಟಲಿಲ್ಲ. ಅತ್ತೆ ಮೂರನೆಯ ಗೇರಿಗೆ ಬಂದರು.