ಅರ್ಥಪ್ಪನ ತಮ್ಮ

ಮೂರು ಕಾಲಿನ ಪ್ಲಗ್ಗು ನಿಮ್ಮ ಮನೆಯಲ್ಲೂ ಇರುತ್ತದೆ. ಒಮ್ಮೆ ಕೈಗೆ ತಗೊಂಡು ನೋಡಿ. ಮೇಲೊಂದು ದಪ್ಪ ಕಾಲು, ಕೆಳಗೆ ಎರಡು ಸಣ್ಣ ಕಾಲು. ಆ ಸಣ್ಣ ಕಾಲುಗಳಲ್ಲಿ ಕೆಂಪು ವೈರು ಕಟ್ಟಿಸಿಕೊಂಡವನು ನಾನು. ನಿಮ್ಮ ಮಿಕ್ಸಿ ತಿರುಗುವುದು, ಇಸ್ತ್ರಿಪೆಟ್ಟಿಗೆ ಕಾಯುವುದು, ಎಲ್ಲ ನನ್ನಂಥವರ ದುಡಿಮೆ. ಆದರೆ ಗಾತ್ರದಲ್ಲಿ ದೊಡ್ಡವನು ಯಾರು? ಅವನು. ಹೊಟ್ಟೆ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ಹುಟ್ಟಿದ್ದು ಒಂದೇ ಶೆಡ್ಡಿನಲ್ಲಿ, ಹಿತ್ತಾಳೆಯೂ ಒಂದೇ. ನನಗೂ ಕಪ್ಪು ವೈರಿನ ನನ್ನ ಜೋಡಿಗೂ ತೆಳ್ಳನೆ ತುಂಡು ಕತ್ತರಿಸಿದ ಕೈಯೇ ಅವನಿಗೆ ದಪ್ಪನೆಯದು, ಉದ್ದದ್ದು ಆರಿಸಿ ಕೊಟ್ಟಿತು. ಮೂವರನ್ನೂ ಒಂದು ಕರಿ ಡಬ್ಬಿಯಲ್ಲಿ ಕೂರಿಸಿ ತಿರುಪು ಬಿಗಿದರು. ಉದ್ದ ಇರುವವನು ಅಂತ ಸಾಕೆಟ್ಟಿನೊಳಕ್ಕೆ ಅವನೇ ಮೊದಲು ಹೋಗುತ್ತಾನೆ, ಕೀಳುವಾಗ ಅವನೇ ಕೊನೆಗೆ ಬರುತ್ತಾನೆ. ಹೋಗಿ ಮಾಡುವ ಕೆಲಸವಾದರೂ ಏನು? ಏನಿಲ್ಲ. ಕರೆಂಟು ನನ್ನಲ್ಲಿ ಬರುತ್ತದೆ, ಮೋಟಾರು ತಿರುಗಿಸುತ್ತದೆ, ನನ್ನ ಜೋಡಿಯಲ್ಲಿ ವಾಪಸ್ಸು ಹೋಗುತ್ತದೆ. ನಾನು ಕಾದು ಸುಡುವ ಹೊತ್ತಿಗೂ ಅವನು ತಣ್ಣಗೆ ನಿಂತಿರುತ್ತಾನೆ. ಕೆಲಸಕ್ಕೆ ಕರೀಬೇಡಿ, ಊಟಕ್ಕೆ ಮರೀಬೇಡಿ ಅನ್ನುವ ಪೈಕಿ.

ನಮ್ಮನ್ನು ಒಂದು ಗ್ರೈಂಡರಿನ ಬಾಲಕ್ಕೆ ಕಟ್ಟಿ ದಾವಣಗೆರೆಗೆ ಕಳಿಸಿದರು. ಕೊಂಡವಳು ವನಜಾಕ್ಷಿ, ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುವವಳು. ಗಂಡ ರುದ್ರೇಶಿ ಆ ಹಿಟ್ಟನ್ನು ಮೊಪೆಡ್ಡಿನಲ್ಲಿ ಹೋಟೆಲುಗಳಿಗೆ ಮುಟ್ಟಿಸುತ್ತಿದ್ದ. ಮನೆಯ ಹಿರಿತಲೆ ಅಂದರೆ ರುದ್ರೇಶಿಯ ತಾಯಿ ಕರಿಬಸಮ್ಮ.

ಗ್ರೈಂಡರಿಗೆ ಅಂತ ವೈರ್‌ಮನ್ ಜಬ್ಬಾರ್ ಬಂದು ಅಡಿಗೆಮನೆಯಲ್ಲಿ ಹೊಸ ಪಾಯಿಂಟು ಕೂರಿಸಿದ. ಆಮೇಲೆ ಹಿತ್ತಲಲ್ಲಿ ಗುಂಡಿ ತೆಗೆಸಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬತೊಡಗಿದ. ಕರಿಬಸಮ್ಮನಿಗೆ ಗಾಬರಿ.

"ಉಪ್ಪು ಹಾಕಿ ಯಾರನ್ನ ಹೂಳ್ತೀಯಪ್ಪಾ ಇಲ್ಲಿ?"

"ಅರ್ಥ್ ಅಮ್ಮಾ ಇದು. ಪ್ಲಗ್ಗಿನ ದಪ್ಪ ಕಾಲಿಂದ ಇಲ್ಲೀತನ ವೈರು ಬಂದೈತೆ. ಬೇಸಿಗೇಲಿ ಒಂದೊಂದು ಕೊಡ ನೀರು ಹಾಕ್ತಾ ಇರಿ, ಮಣ್ಣು ಒಣಗಬಾರ್ದು."

"ಏನರ್ಥ?"

"ಅರ್ಥ್ ಅಂದ್ರೆ ಅರ್ಥೇ ಅಮ್ಮಾ. ಮನೆ ಕಾಯ್ತದೆ."

ಮನೆ ಕಾಯುತ್ತದೆ ಅಂದಮೇಲೆ ಮುದುಕಿಗೆ ಇನ್ನೇನು ಬೇಕು? ಮಾರನೇ ದಿನ ಪೈಪಿಗೆ ಮೂರು ಬೆರಳಿನ ವಿಭೂತಿ ಪಟ್ಟೆ ಬಿತ್ತು, ಅದರ ಹೆಸರು ಅರ್ಥಪ್ಪ ಅಂತಾಯಿತು. ಬೇಸಿಗೆ ಇರಲಿ, ಮಳೆಗಾಲ ಇರಲಿ, ದಿನಾ ಒಂದು ಕೊಡ ನೀರು. ಆಯುಧಪೂಜೆಯ ದಿನ ಪ್ಲಗ್ಗು ಕಿತ್ತು, ಆ ದಪ್ಪ ಕಾಲಿಗೂ ವಿಭೂತಿ ಹಚ್ಚಿ ಕೈ ಮುಗಿದಳು. ಮೈ ಸುಟ್ಟುಕೊಂಡು ದುಡಿದವನು ನಾನು, ನೀರು ಹಾಕಿ ತಂಪು ಮಾಡಿದ್ದು ಅವನಿಗೆ. ಅವತ್ತಿನಿಂದ ನಾನು ಅವನನ್ನು ಹೆಸರು ಹಿಡಿದು ಕರೆದಿಲ್ಲ.

ಒಂದು ದಿನ ಮಾತ್ರ ಅವನು ಕೆಲಸ ಮಾಡಿದ್ದು ನಿಜ. ಮುಚ್ಚಿಡುವುದಿಲ್ಲ, ಹೇಳುತ್ತೇನೆ. ಗ್ರೈಂಡರಿನ ಕೆಳಗೆ ಇಲಿ ಸೇರಿ ಕೆಂಪು ವೈರಿನ ಸಿಪ್ಪೆ ಕಡಿದಿತ್ತು. ಒಳಗಿನ ತಾಮ್ರ ಸ್ಟೀಲ್ ಮೈಗೆ ತಾಗಿಕೊಂಡು ಕೂತಿತ್ತು. ರುದ್ರೇಶಿ ಸ್ವಿಚ್ ಹಾಕಿದ. ವನಜಾಕ್ಷಿ ಗ್ರೈಂಡರಿನ ಮೇಲೆ ಕೈ ಇಡುವುದರಲ್ಲಿದ್ದಳು. ನನ್ನ ಕರೆಂಟು ದಾರಿ ತಪ್ಪಿ ಸ್ಟೀಲ್ ಮೈಗೆಲ್ಲ ಹಬ್ಬಿತು. ಆಗ ಅವನು, ವರ್ಷಗಟ್ಟಲೆ ಸುಮ್ಮನೆ ನಿಂತವನು, ಅದಷ್ಟನ್ನೂ ತನ್ನ ಹಸಿರು ವೈರಿನಲ್ಲಿ ಎಳೆದುಕೊಂಡು ಹಿತ್ತಲಿನ ಗುಂಡಿಗೆ ಸುರಿದುಬಿಟ್ಟ. ಅಷ್ಟು ಕರೆಂಟು ಒಮ್ಮೆಗೇ ಹರಿದದ್ದಕ್ಕೆ ಫ್ಯೂಸು ಟಪ್ ಅಂತ ಸುಟ್ಟುಹೋಯಿತು. ವನಜಾಕ್ಷಿಯ ಕೈ ಸತ್ತ ಗ್ರೈಂಡರಿನ ಮೇಲೆ ಬಿತ್ತು.

"ಥೂ, ರುಬ್ಬೋ ಹೊತ್ತಿಗೇ ಕರೆಂಟ್ ತೆಗಿತಾರೆ," ಅಂದಳು.

ಜೀವ ಉಳಿದದ್ದು ಅವಳಿಗೆ ತಿಳಿಯಲೇ ಇಲ್ಲ. ಅವನಿಗೆ ಶಭಾಸ್‌ಗಿರಿ ಸಿಗಲಿಲ್ಲವಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ. ಜಬ್ಬಾರ್ ಬಂದು ಫ್ಯೂಸು ಕಟ್ಟಿದ, ಇಲಿ ಕಡಿದ ಕಡೆ ಕರಿ ಟೇಪು ಸುತ್ತಿದ. "ವೈರು ಬದಲಾಯಿಸ್ಬೇಕು, ಸದ್ಯಕ್ಕೆ ಟೇಪ್ ಹಾಕಿದೀನಿ," ಅಂದ. ನಮ್ಮ ಕಡೆ 'ಸದ್ಯಕ್ಕೆ' ಅಂತ ಮಾಡಿದ್ದು ಎಷ್ಟು ಕಾಲ ಬಾಳುತ್ತದೆ ಅಂತ ನಿಮಗೆ ಗೊತ್ತೇ ಇದೆ.

ವ್ಯಾಪಾರ ಕುದುರಿತು. ಕೇಳಿಕೊಂಡು ಬರುವವರಿಗೆ ಮುಂದೆಯೇ ಹಿಟ್ಟು ಅಳೆದು ಕೊಡೋಣ ಅಂತ ರುದ್ರೇಶಿ ಗ್ರೈಂಡರನ್ನು ಪಡಸಾಲೆಗೆ ತಂದ. ಅಲ್ಲಿನ ಬೋರ್ಡು ಅವನ ಅಪ್ಪನ ಕಾಲದ್ದು, ಅದಕ್ಕೆ ಇರುವುದು ಎರಡೇ ತೂತು. ರುದ್ರೇಶಿ ಪ್ಲಗ್ಗನ್ನು ತಿರುಗಿಸಿ ಮುರುಗಿಸಿ ನೋಡಿದ, ಡಬ್ಬಿ ಬಿಚ್ಚಿದ, ದಪ್ಪ ಕಾಲನ್ನು ಇಕ್ಕಳದಲ್ಲಿ ಹಿಡಿದು ಕಿತ್ತ. ಹಸಿರು ವೈರನ್ನು ಬುಡಕ್ಕೇ ಕತ್ತರಿಸಿದ.

ಕರಿಬಸಮ್ಮ ನೋಡಿದಳು. "ಅರ್ಥಪ್ಪನ್ನ ಯಾಕೆ ಕಿತ್ತಿ ತಮ್ಮಾ? ಪಾಪ, ಅವನೇನ್ ಮಾಡಿದ್ದ ನಿಂಗೆ?"

"ಏನೂ ಮಾಡ್ತಿರಲಿಲ್ಲವ್ವಾ, ಅದಕ್ಕೇ ಕಿತ್ತೆ. ನೋಡು, ಇಲ್ದಿದ್ರೂ ತಿರುಗ್ತದೆ."

ಸ್ವಿಚ್ ಹಾಕಿದ. ತಿರುಗಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಮೊದಲು ಒಳಗೆ ಹೋಗುವವನು ಈಗ ನಾನು. ಆದರೆ ಮುದುಕಿ ಏನು ಮಾಡಿದಳು ಗೊತ್ತೇ? ಕಸಕ್ಕೆ ಬಿದ್ದ ಅವನನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ದೇವರ ಗೂಡಿನಲ್ಲಿ ಇಟ್ಟಳು. ಕೆಲಸದಿಂದ ತೆಗೆದರೂ ಅವನಿಗೆ ಬಡ್ತಿಯೇ.

ಸ್ವಲ್ಪ ದಿನಕ್ಕೆ ಟೇಪು ಸಡಿಲಾಯಿತು. ಹಿಟ್ಟಿನ ನೀರು ಸೋರಿ ಅದನ್ನು ನೆನೆಸಿತು. ವನಜಾಕ್ಷಿ ಒಂದು ಬೆಳಿಗ್ಗೆ ಕೈ ಕೊಡವಿಕೊಂಡಳು.

"ರೀ, ಗ್ರೈಂಡರ್ ಮುಟ್ಟಿದ್ರೆ ಜುಮ್ ಅಂತದೆ."

"ಚಪ್ಪಲಿ ಹಾಕ್ಕಂಡು ಮುಟ್ಟು. ಜಬ್ಬಾರ್ ಸಿಕ್ಕಾಗ ಹೇಳ್ತೀನಿ."

"ಅನ್ನದ ಹತ್ರ ಯಾರಾದ್ರೂ ಚಪ್ಪಲಿ ಹಾಕ್ಕಂಡು ನಿಲ್ತಾರೇನ್ರೀ?"

ಅವಳ ಮಾತೂ ಸರಿಯೇ. ಅಕ್ಕಿ, ಉದ್ದು ಇರುವ ಕಡೆ ಆ ಮನೆಯಲ್ಲಿ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ನನಗೋ ಹೆಮ್ಮೆ. ಇಷ್ಟು ವರ್ಷ ದುಡಿದರೂ ಆಕೆ ನನ್ನ ಸುದ್ದಿ ಎತ್ತಿದವಳಲ್ಲ, ಈಗ ಎತ್ತಿದಳು. ಜುಮ್ ಅಂದವನು ನಾನಮ್ಮ, ಅವನಲ್ಲ, ಅಂತ ಕೂಗಿ ಹೇಳಬೇಕು ಅನ್ನಿಸಿತು.

ಹಬ್ಬದ ಹಿಂದಿನ ದಿನ. ದೊಡ್ಡ ಹೋಟೆಲಿನ ಹಿಟ್ಟು, ಅವಸರ. ನೆಲ ತೊಳೆದದ್ದು ಇನ್ನೂ ಆರಿರಲಿಲ್ಲ. ವನಜಾಕ್ಷಿ ಬರಿಗಾಲಲ್ಲಿ ನಿಂತು, ಹಿಟ್ಟು ಮೆತ್ತಿದ ಕೈಯಲ್ಲಿ ಗ್ರೈಂಡರಿನ ಅಂಚು ಹಿಡಿದಳು. ಟೇಪು ಪೂರ್ತಿ ಬಿಟ್ಟುಕೊಂಡಿತ್ತು. ನನ್ನ ಕರೆಂಟು ಹಬ್ಬಿತು, ಹೋಗಲು ದಾರಿ ಹುಡುಕಿತು. ಗುಂಡಿಗೆ ಹೋಗುವ ದಾರಿ ಇರಲಿಲ್ಲ. ಇದ್ದದ್ದು ಅವಳೊಬ್ಬಳೇ.

ಅವಳಿಗೆ ಕೈ ಬಿಡಲಾಗಲಿಲ್ಲ. ಕೂಗಲೂ ಆಗಲಿಲ್ಲ. ಒಬ್ಬ ಮನುಷ್ಯನ ಮೈಯಲ್ಲಿ ಹರಿಯುವಷ್ಟು ಕರೆಂಟು ಫ್ಯೂಸಿಗೆ ಲೆಕ್ಕವೇ ಅಲ್ಲ, ಅದು ತಣ್ಣಗೆ ಕೂತಿತ್ತು. ನಾನು ಹಿಂದಕ್ಕೆ ತಿರುಗಲಾರೆ, ನಿಲ್ಲಲಾರೆ. ಇದ್ದಕ್ಕಿದ್ದಂತೆ ನನಗೆ ಅವನು ಬೇಕೆನ್ನಿಸಿದ. ಜೀವನದಲ್ಲಿ ಅದೊಂದೇ ಸಲ. ಅವನು ಗೂಡಿನಲ್ಲಿ ವಿಭೂತಿ ಮೆತ್ತಿಕೊಂಡು ನಿಂತು ನೋಡುತ್ತಿದ್ದ. ಅವನೂ ಏನೂ ಮಾಡುವ ಹಾಗಿರಲಿಲ್ಲ.

ರುದ್ರೇಶಿ ಹೆಂಡತಿಯ ರಟ್ಟೆ ಹಿಡಿಯಲು ಓಡಿ ಬಂದ. ಕರಿಬಸಮ್ಮ ಕೂಗಿದಳು.

"ಮುಟ್ಟಬ್ಯಾಡ! ಬಟನ್ ಆರ್ಸು, ಬಟನ್!"

ಅವನು ಸ್ವಿಚ್ ಆರಿಸಿದ. ವನಜಾಕ್ಷಿ ಹಿಟ್ಟಿನ ಪಾತ್ರೆಯ ಮೇಲೆ ಕುಸಿದಳು. ಉಸಿರಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಅವಳ ಬಲಗೈಗೆ ದಪ್ಪನೆ ಬ್ಯಾಂಡೇಜು ಸುತ್ತಿತ್ತು. ಜಬ್ಬಾರ್ ನಮ್ಮನ್ನು ಕೈಗೆ ತಗೊಂಡು ನೋಡಿದ.

"ಇದರ ದೊಡ್ಡ ಕಾಲೆಲ್ಲಿ?"

ಕರಿಬಸಮ್ಮ ಗೂಡಿನಿಂದ ಅವನನ್ನು ತಂದು ಅಂಗೈ ಮೇಲಿಟ್ಟು ತೋರಿಸಿದಳು. ರುದ್ರೇಶಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಜಬ್ಬಾರನೂ ತಲೆ ತಗ್ಗಿಸಿದ. "ಅವತ್ತೇ ವೈರು ಬದಲಾಯಿಸಬೇಕಿತ್ತು ನಾನು," ಅಂದ. ಆಮೇಲೆ ಪಡಸಾಲೆಗೂ ಮೂರು ತೂತಿನ ಪಾಯಿಂಟು ಬಂತು, ಹಿತ್ತಲಿನ ಗುಂಡಿಯಿಂದ ಹಸಿರು ವೈರು ಬಂತು, ಗ್ರೈಂಡರಿಗೆ ಹೊಸ ವೈರು, ಹೊಸ ಪ್ಲಗ್ಗು ಬಂತು. ಕರಿಬಸಮ್ಮ ಅವನನ್ನು ಮತ್ತೆ ಗೂಡಿನಲ್ಲಿಟ್ಟಳು. ನಮ್ಮ ಡಬ್ಬಿ ಬಿರುಕು ಬಿಟ್ಟಿತ್ತು, ನಮ್ಮನ್ನು ತಿರುಪು, ಮೊಳೆ ಹಾಕುವ ತಗಡಿನ ಡಬ್ಬಕ್ಕೆ ಹಾಕಿದರು.

ಆ ಡಬ್ಬ ದೇವರ ಗೂಡಿನ ಎದುರಿನ ಶೆಲ್ಫಿನಲ್ಲಿದೆ. ಮುಚ್ಚಳ ಎಂದೋ ಕಳೆದುಹೋಗಿದೆ, ಹಾಗಾಗಿ ದಿನಾ ನೋಡುವ ಕರ್ಮ ನನ್ನದು. ಕರಿಬಸಮ್ಮ ಈಗಿಲ್ಲ. ವಿಭೂತಿ ಹಚ್ಚುವುದು, ಗುಂಡಿಗೆ ನೀರು ಹಾಕುವುದು ಎರಡೂ ವನಜಾಕ್ಷಿಗೆ ಬಂದಿವೆ. ಮುಖ ತೊಳೆದು ಬಂದವಳು ಒದ್ದೆ ಕೈಯಲ್ಲೇ ಅವನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಆ ಅಂಗೈಯಲ್ಲಿ ಒಂದು ಸುಟ್ಟ ಗುರುತಿದೆ. ಅದು ನನ್ನದು. ಅವನದು ಅಂತ ಅವಳ ಮೈಮೇಲೆ ಒಂದು ಗೀರೂ ಇಲ್ಲ. ಆದರೂ ಅವಳು ಮುಟ್ಟುವುದು ಅವನನ್ನು.

ಮೊನ್ನೆ ಅವಳಿಗೆ ಒಂದು ತಿರುಪು ಬೇಕಾಯಿತು. ಪಾತ್ರೆ ತೊಳೆಯುತ್ತಿದ್ದವಳು ಹಾಗೇ ಬಂದು ಡಬ್ಬಕ್ಕೆ ಕೈ ಹಾಕಿದಳು. ಬೆರಳು ನನ್ನ ಹತ್ತಿರ ಬಂದು ನಿಂತಿತು. ನನ್ನಲ್ಲೀಗ ಏನೂ ಇಲ್ಲ, ವೈರಿಲ್ಲ, ಗೋಡೆಯಿಲ್ಲ, ನಾನೊಂದು ಹಿತ್ತಾಳೆ ಚೂರು. ಅದು ಅವಳಿಗೂ ಗೊತ್ತು. ಆದರೂ ಕೈ ಹಿಂದಕ್ಕೆ ತಗೊಂಡಳು. ಸೆರಗಿನಲ್ಲಿ ಒರೆಸಿಕೊಂಡಳು, ಬೆರಳ ಸಂದಿಯನ್ನೂ ಬಿಡದೆ ಒರೆಸಿಕೊಂಡಳು. ಆಮೇಲೆ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಿರುಪು ತಗೊಂಡು ಹೋದಳು.