ಕೊಕ್ಕೆ ಮೇಷ್ಟ್ರು ಕೇಳಿ ಬಂದದ್ದು

ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ನಿಂತುಬಿಡುವುದು ಅವರ ಸ್ವಭಾವ. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೊಂದು ನಿಲುಗಡೆ. ಅಂಗಡಿಗಳ ಇಂಗ್ಲಿಷ್ ಫಲಕಗಳನ್ನು ತಲೆಯೆತ್ತಿ ಓದುತ್ತ, ತುಟಿಯಲ್ಲೇ ಏನನ್ನೋ ತಿದ್ದುತ್ತ, ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಪುಟ್ಟ ಕೊಕ್ಕೆಯನ್ನು ಬರೆದು ಮುಂದಕ್ಕೆ ಸಾಗುವ ಆ ಬಡಕಲು ಆಕೃತಿಯನ್ನು ದೂರದಿಂದ ಕಂಡವರು, ಪಾಪ, ನೊಣ ಓಡಿಸುತ್ತಿದ್ದಾರೆಂದೇ ತಿಳಿಯುತ್ತಿದ್ದರು. ಆದರೆ ಅಚ್ಚುಕೂಟದ ನಮಗೆಲ್ಲ ಗೊತ್ತಿತ್ತು: ಯಾವುದೋ ಫಲಕದಲ್ಲಿ ಒಡೆತನ ತೋರಿಸುವ ಅಪಾಸ್ಟ್ರಫಿ, ಅಂದರೆ ಆ ಕೊಕ್ಕೆ, ಬಿಟ್ಟುಹೋಗಿದೆ, ಮೇಷ್ಟ್ರ ಮನಸ್ಸು ಅದನ್ನು ಅಲ್ಲಿಗೆ ತೂಗುಹಾಕದೆ ಮುಂದಕ್ಕೆ ಹೋಗಲೊಲ್ಲದು.

ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಮೇಲೆ ಅವರು ಅಚ್ಚುಕೂಟಕ್ಕೆ ಕರಡು ತಿದ್ದಲು ಬಂದರು. ನಾನು ಪಠ್ಯಪುಸ್ತಕ ಬರೆಯುವವನು. ವರ್ಷಕ್ಕೆ ಎರಡು ತಿಂಗಳು ನನ್ನ ಕರಡುಗಳ ಜೊತೆ ಅವರ ಮೇಜಿನ ಎದುರು ಕೂರುವ ಯೋಗ ನನ್ನದಾಗಿತ್ತು. ಮಧ್ಯಾಹ್ನದ ಬಿಸಿಲು ಗಾಜಿನ ಹೆಂಚಿನಿಂದ ಇಳಿದು, ಕಾಗದದ ಧೂಳನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ತೇಲಿಸುತ್ತ, ಹಿಂದಿನ ಕೋಣೆಯ ಯಂತ್ರದ ಒಂದೇ ಲಯದ ಸದ್ದಿಗೆ ಕಣ್ಣೆವೆಗಳು ತಾವಾಗಿಯೇ ಮುಚ್ಚಿಕೊಳ್ಳುವ ಹೊತ್ತಿನಲ್ಲಿ, ಎದುರಿನಿಂದ ಕುರ್ಚಿ ಹಿಂದೆ ಸರಿದ ಸದ್ದು ಕೇಳುತ್ತಿತ್ತು. ಮೇಷ್ಟ್ರು ಎದ್ದು ಬೂದುಬಣ್ಣದ ಕೋಟು ತೊಡುತ್ತಿದ್ದರು.

"ಕೇಳಿ ಬರ್ತೀನಿ" ಎನ್ನುತ್ತಿದ್ದರು. ಇಷ್ಟೇ.

ಏನು ಕೇಳುವುದು, ಯಾರನ್ನು? ಅದು ಅವರದೇ ಪದ್ಧತಿ. ಇಂಗ್ಲಿಷಿನಲ್ಲಿ ಎರಡು ಗುಂಪಿನವರನ್ನು 'ಮತ್ತು' ಎಂದು ಜೋಡಿಸಿ ಅವರದೊಂದು ವಸ್ತುವನ್ನು ಹೇಳುವಾಗ, ಆ ವಸ್ತು ಇಬ್ಬರಿಗೂ ಸೇರಿ ಒಂದೇ ಆಗಿದ್ದರೆ ಕೊನೆಯ ಹೆಸರಿನ ತುದಿಗೆ ಮಾತ್ರ ಒಂದು ಕೊಕ್ಕೆ. ಅವರವರದು ಅವರವರಿಗೆ ಎಂದಾದರೆ ಇಬ್ಬರಿಗೂ ಒಂದೊಂದು. ಉಳಿದ ತಿದ್ದುಗಾರರು ಕಣ್ಣಿಗೆ ಚೆಂದ ಕಂಡದ್ದನ್ನು ಹಾಕಿ ಪುಟ ತಿರುಗಿಸುತ್ತಾರೆ. ಮೇಷ್ಟ್ರಿಗೆ ಅದು ಸಾಧ್ಯವಿರಲಿಲ್ಲ. "ಯಾರದು ಅಂತ ಗೊತ್ತಾಗದೆ ಹೇಗೆ ಹಾಕೋದು?" ಎನ್ನುತ್ತ ಬೀದಿಗಿಳಿದು, ಆ ವಸ್ತು ಇದ್ದಲ್ಲಿಗೇ ಹೋಗಿ, ಅದರ ಒಡೆಯರನ್ನೇ ಕಂಡು ಕೇಳಿ ಬರುತ್ತಿದ್ದರು. 'ಕೊಕ್ಕೆ ಮೇಷ್ಟ್ರು' ಎಂಬ ಹೆಸರು ಅವರಿಗೆ ಬಿದ್ದದ್ದು ಹೀಗೆ. ಎಲ್ಲ ಕೆಲಸಕ್ಕೂ ಕೊಕ್ಕೆ ಹಾಕುತ್ತಾರೆಂದು ಅಚ್ಚುಕೂಟದ ಯಜಮಾನರು ಗೊಣಗುತ್ತಿದ್ದುದೂ ಅದಕ್ಕೆ ಒದಗಿ ಬಂತು.

ಒಮ್ಮೆ ದರ್ಜಿಗಳು ಮತ್ತು ಕ್ಷೌರಿಕರ ವಾಚನಾಲಯಕ್ಕೊಂದು ಫಲಕ ಬೇಕಾಗಿತ್ತು. ಮೇಷ್ಟ್ರು ಹೋಗಿ ನೋಡಿದರೆ ಒಂದೇ ಕೋಣೆ, ನಡುವೆ ಬೀರು ಅಡ್ಡ ನಿಲ್ಲಿಸಿ ಎರಡಾಗಿದೆ. ಪತ್ರಿಕೆ ಮಾತ್ರ ಒಂದೇ, ಹಾಳೆ ಹಂಚಿಕೊಂಡು ಓದುತ್ತಾರೆ. "ನೀವಿಬ್ಬರೂ ಒಟ್ಟಿಗೋ, ಬೇರೆ ಬೇರೆಯೋ?" ಎಂದು ಕೇಳಿದರಂತೆ. ಎರಡು ಕಡೆಯವರೂ ಮುಖ ಮುಖ ನೋಡಿಕೊಂಡರು. ಅದುವರೆಗೆ ಯಾರೂ ಕೇಳಿರಲಿಲ್ಲ. ಎರಡು ವಾರ ಫಲಕದ ಕೆಲಸ ನಿಂತಿತು, ಯಜಮಾನರು ಹಲ್ಲು ಕಡಿದರು. ಮೂರನೆಯ ವಾರ ಬೀರು ಗೋಡೆಗೆ ಸರಿಯಿತು, ಒಂದೇ ಕೊಕ್ಕೆಯ ಫಲಕ ಮೇಲೇರಿತು.

ಆ ಕೋಟಿನ ವಿಷಯ ಹೇಳಬೇಕು. ಕೊರಳಪಟ್ಟಿ ತಿರುವಿ ಹೊಲಿದದ್ದು, ಮೊಣಕೈ ಸವೆದು ಹೊಳಪೇರಿದ್ದು. ಎಡಜೇಬಿನ ತಳ ಹರಿದಿತ್ತು. ಅದರಲ್ಲಿ ಹಾಕಿದ ಕೆಂಪು ಪೆನ್ಸಿಲು ಅಸ್ತರಿನೊಳಕ್ಕೆ ಜಾರಿ ಅಂಚಿನ ತನಕ ಹೋಗಿಬಿಡುತ್ತಿತ್ತು. ಮೇಷ್ಟ್ರು ಕೋಟಿನ ಅಂಚನ್ನು ತಡವಿ, ಸಿಕ್ಕದೆ, ಇನ್ನೊಂದು ಪೆನ್ಸಿಲು ಕೇಳುತ್ತಿದ್ದರು. ದರ್ಜಿಗೆ ಕೊಡಬಾರದೇ ಎಂದು ಒಮ್ಮೆ ಕೇಳಿದೆ. "ಇದಕ್ಕೆ ಬೇರೆಯವರು ಸೂಜಿ ಹಾಕೋ ಹಾಗಿಲ್ಲ" ಎಂದರು.

ಆ ವರ್ಷ ಅವರ ಮೇಜಿನ ಮೇಲೆ ಒಂದು ಚೀಟಿ ಬಹಳ ದಿನ ಉಳಿಯಿತು. ಕಲ್ಲು ಕೆತ್ತುವವರಿಗೆ ಕೊಡಬೇಕಾದ ಒಂದೇ ಸಾಲಿನ ಮಾದರಿ. ಆಸ್ಪತ್ರೆಯ ಪಡಸಾಲೆಯಲ್ಲಿ ತಮ್ಮ ತಾಯಿಯ ನೆನಪಿಗೆ ಮೇಷ್ಟ್ರೂ ಅವರ ತಮ್ಮನೂ ಹಾಕಿಸುತ್ತಿದ್ದ ಕಲ್ಲುಬೆಂಚಿಗೆ ಅದು: ಗಂಡುಮಕ್ಕಳ ಮತ್ತು ಹೆಣ್ಣುಮಕ್ಕಳ ಕಾಣಿಕೆ. ಆಸ್ಪತ್ರೆಯಲ್ಲಿ ಎಲ್ಲ ಬರಹವೂ ಇಂಗ್ಲಿಷಿನಲ್ಲೇ ಇರಬೇಕೆಂಬುದು ನಿಯಮ. ಒಂದು ಕೊಕ್ಕೆಯೋ, ಎರಡೋ? ಚೀಟಿಯನ್ನು ಬೆಳಿಗ್ಗೆ ಕೈಗೆತ್ತಿಕೊಳ್ಳುತ್ತಿದ್ದರು, ಸಂಜೆ ಗಾಜಿನ ಗುಂಡಿನ ಕೆಳಗೆ ಇಟ್ಟು ಹೋಗುತ್ತಿದ್ದರು. ತಮ್ಮ ಎರಡು ಸಲ ಬಂದು, "ಯಾವುದೋ ಒಂದು ಹಾಕ್ಬಿಡಣ್ಣ, ಕಲ್ಲಿಗೇನು ಗೊತ್ತಾಗತ್ತೆ" ಎಂದು ಹೋದರು.

"ಬರೀ ಮಕ್ಕಳ ಕಾಣಿಕೆ ಅಂತ ಬರೆದ್ರೆ ಮುಗೀತಲ್ಲ" ಎಂದೆ ನಾನು, ಸಮಾಧಾನಕ್ಕೆ.

"ಮುಗಿಯಲ್ಲ ಸ್ವಾಮಿ, ಮುಚ್ಚಿಹೋಗತ್ತೆ" ಎಂದರು ಮೇಷ್ಟ್ರು. ಎದ್ದು ಕೋಟು ತೊಟ್ಟರು. "ಕೇಳಿ ಬರ್ತೀನಿ" ಎನ್ನಲಿಲ್ಲ. "ಜೊತೆಗೆ ಬರ್ತೀರಾ? ನೀವೇನೂ ಮಾತಾಡೋದು ಬೇಡ" ಎಂದರು.

ದಾರಿಯಲ್ಲಿ, ನಾಲ್ಕು ಹೆಜ್ಜೆಗೊಂದು ನಿಲುಗಡೆಯ ನಡುವೆ, ಕನಸಿನಲ್ಲಿ ಮಾತಾಡುವವರ ಹಾಗೆ ಬಿಡಿಬಿಡಿಯಾಗಿ ಅವರು ಹೇಳಿದ್ದು ಇಷ್ಟು. ಮೊದಲು ಕೆಲಸಕ್ಕೆ ಸೇರಿದಾಗ ಮನೆಗೊಂದು ಹೊಲಿಗೆ ಮೆಷೀನು ತಂದದ್ದು ಅವರು. ತಾಯಿಯೂ ಇಬ್ಬರು ತಂಗಿಯರೂ ಅದರಲ್ಲಿ ಕೈ ಪಳಗಿಸಿಕೊಂಡರು. ತಂಗಿಯರು ಹೊಲಿದ ಮೊದಲ ದೊಡ್ಡ ಬಟ್ಟೆಯೇ ಈ ಕೋಟು. ತಾಯಿ ತೀರಿಕೊಂಡ ತಿಂಗಳಿಗೆ ಮೇಷ್ಟ್ರು ಮೆಷೀನನ್ನು ಅನಾಥಾಲಯಕ್ಕೆ ಕೊಟ್ಟುಬಿಟ್ಟರು. ಒಳ್ಳೆಯ ಕೆಲಸವೆಂದೇ ಕೊಟ್ಟರು. ತಂಗಿಯರು ಬಂದು ನೋಡಿದರೆ ಕಿಟಕಿಯ ಕೆಳಗೆ ನೆಲದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಬಂದ ಕಾಲಿನಲ್ಲೇ ಹೊರಟುಹೋದರು. ಅದಾಗಿ ಹನ್ನೊಂದು ವರ್ಷ. ಊರಿನ ಬಾಗಿಲುಗಳನ್ನೆಲ್ಲ ತಟ್ಟಿ ಕೇಳಿದ ಮನುಷ್ಯನಿಗೆ ಎರಡು ಬೀದಿ ಆಚೆಯ ತಂಗಿಯರ ಈ ಒಂದು ಬಾಗಿಲು ದೂರವಾಗಿತ್ತು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಲೂ ಅನ್ನಿಸಿತು.

ತಂಗಿಯರ ಹೊಲಿಗೆ ಅಂಗಡಿ ಒಂದು ಓಣಿಯ ತಿರುವಿನಲ್ಲಿತ್ತು. ಬಾಗಿಲಿನಿಂದ ಒಳಕ್ಕೆ ಬಿದ್ದ ಬಿಸಿಲಿನಲ್ಲಿ ನೂಲಿನ ಎಳೆಗಳು ತೇಲುತ್ತಿದ್ದವು. ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡ ದೊಡ್ಡ ತಂಗಿ ಮೆಷೀನು ತುಳಿಯುತ್ತಿದ್ದರು. ಚಿಕ್ಕವರು ಗುಂಡಿ ಹಚ್ಚುತ್ತಿದ್ದರು. ಅಣ್ಣನ ನೆರಳು ಬಟ್ಟೆಯ ಮೇಲೆ ಬಿದ್ದಿತು. ಹಿಡಿದ ಹೊಲಿಗೆ ಕೊನೆಮುಟ್ಟುವ ತನಕ ದೊಡ್ಡವರು ತಲೆ ಎತ್ತಲಿಲ್ಲ.

"ಏನಣ್ಣ?"

ಮೇಷ್ಟ್ರು ಚೀಟಿ ಹಿಡಿದು, ಪಾಠ ಒಪ್ಪಿಸುವವರಂತೆ ಹೇಳಿದರು: "ಆಸ್ಪತ್ರೇಲಿ ಅಮ್ಮನ ಹೆಸರಲ್ಲಿ ಬೆಂಚು ಹಾಕಿಸ್ತಾ ಇದೀವಿ. ಅದು ನಾವೂ ನೀವೂ ಸೇರಿ ಕೊಟ್ಟಿದ್ದಾ, ನಮ್ಮದು ಬೇರೆ ನಿಮ್ಮದು ಬೇರೆನಾ ಅಂತ ಕೇಳೋಕೆ ಬಂದೆ."

"ಊರೋರನ್ನೆಲ್ಲ ಕೇಳ್ಕೊಂಡು ಓಡಾಡ್ತೀಯಂತೆ. ನಮ್ಮ ಗಿರಾಕಿಗಳು ಹೇಳ್ತಾರೆ" ಎಂದರು ದೊಡ್ಡ ತಂಗಿ. ದನಿ ಏರಲಿಲ್ಲ. "ಅವತ್ತು ಮೆಷೀನು ಯಾರದು ಅಂತ ಯಾಕಣ್ಣ ಕೇಳಲಿಲ್ಲ?"

ಗುಂಡಿ ಹಚ್ಚುತ್ತಿದ್ದ ಕೈ ನಿಂತಿತು. ನಾನು ಓಣಿಯ ಕಡೆಗೆ ಮುಖ ತಿರುಗಿಸಿಕೊಂಡೆ. ಹಿಂದಿನಿಂದ ಮೇಷ್ಟ್ರ ದನಿ ಕೇಳಿತು.

"ತಂದವನು ನಾನು ಅಂತ ನನ್ನದು ಅಂದ್ಕೊಂಡೆ. ಅದು ನಿಮ್ಮದಾಗಿತ್ತಮ್ಮ. ತಪ್ಪಾಯ್ತು."

ಚಿಕ್ಕ ತಂಗಿ ಸೆರಗಿನಿಂದ ಮೂಗೊರೆಸಿಕೊಂಡು ಒಂದು ಸ್ಟೂಲು ತಂದಿಟ್ಟರು. ದೊಡ್ಡವರು ಚೀಟಿ ಇಸಿದುಕೊಂಡು ಓದಿದರು. "ಅಮ್ಮ ಮಲಗಿದ್ದಾಗ ಹತ್ತೊಂಬತ್ತು ದಿನ ಆ ಪಡಸಾಲೆ ನೆಲದ ಮೇಲೆ ಕೂತಿದ್ದೋರು ನಾವು. ಕಲ್ಲು ತಣ್ಣಗಿರತ್ತೆ. ಬೆಂಚಿನ ಉದ್ದ ಅಗಲ ಹೇಳು, ಮೇಲಕ್ಕೊಂದು ಮೆತ್ತೆ ಹೊಲಿದು ಕೊಡ್ತೀವಿ. ಈಗ ನೀನೇ ಹೇಳು, ಬೆಂಚು ಯಾರದು?"

ಮೇಷ್ಟ್ರು ಜೇಬಿಗೆ ಕೈ ಹಾಕಿದರು. ಪೆನ್ಸಿಲು ಸಿಗಲಿಲ್ಲ. ಅಂಚನ್ನು ತಡವಿದರು, ಅಲ್ಲೂ ಕೈಗೆ ಬರಲಿಲ್ಲ.

"ಕೋಟು ಬಿಚ್ಚು" ಎಂದರು ದೊಡ್ಡ ತಂಗಿ.

ಅಸ್ತರಿನ ಅಂಚು ಬಿಡಿಸಿ ಕೊಡವಿದಾಗ ಕೆಂಪು ಪೆನ್ಸಿಲಿನ ತುಂಡುಗಳು ಮೇಜಿನ ಮೇಲೆ ಒಂದರ ಹಿಂದೊಂದು ಉದುರಿದವು; ವರ್ಷಗಟ್ಟಲೆ ಕಳೆದುಹೋದವೆಂದುಕೊಂಡದ್ದೆಲ್ಲ ಅಲ್ಲೇ ಇದ್ದವು. ಚಿಕ್ಕವರು ನಕ್ಕುಬಿಟ್ಟರು. ಮೇಷ್ಟ್ರು ಒಂದು ತುಂಡನ್ನು ಎತ್ತಿಕೊಂಡು ಚೀಟಿಯ ಮೇಲೆ ಬಾಗಿದರು. ಆ ಸಾಲಿಗೆ ಒಂದೇ ಕೊಕ್ಕೆ ಹಾಕಿದರು. ಪಕ್ಕದಲ್ಲಿ ಮೆಷೀನು ಅವರ ಜೇಬಿನ ತಳವನ್ನು ಹೊಲಿಯತೊಡಗಿತ್ತು.

ಆ ಬೆಂಚಿನ ಮೇಲೆ ನಾನೂ ಒಮ್ಮೆ ಕಾಯುತ್ತ ಕೂತಿದ್ದೇನೆ, ಮೆತ್ತೆ ಮೆತ್ತಗಿದೆ. ಅಲ್ಲಿ ಕೂತು ಇಂಥವರ ವಿಷಯ ಯೋಚಿಸಿದ್ದೇನೆ. ಸಣ್ಣಪುಟ್ಟದ್ದಕ್ಕೂ ನಿಂತು, ಯಾರದು, ಯಾರಿಗೆ ಸೇರಿದ್ದು ಎಂದು ಪೀಡಿಸುವ ಈ ಕುಲದವರನ್ನು ಲೋಕ ಒಣಪಂಡಿತರೆಂದು ನಗುತ್ತದೆ. ಅವರ ಕೈಯಲ್ಲಿ ಸಿಕ್ಕವರಿಗೆ ತಲೆನೋವೂ ಹೌದು. ಆದರೆ ಅಂಥವರೊಬ್ಬರು ನಿಮ್ಮ ಬಾಗಿಲಿಗೆ ಬಂದು ಕೋಟಿನ ಅಂಚು ತಡವುತ್ತ ಕೇಳಿದರೆ, ಬೇಸರಿಸದೆ ಒಳಗೆ ಕರೆದು ಕೂರಿಸಿ. ಎಂದೋ ಒಮ್ಮೆ, ಕೇಳಲೇಬೇಕಾದಲ್ಲಿ ಕೇಳದೆ ಬಂದವರು ಅವರು. ಆ ಬಾಗಿಲಿಗೆ ಹೋಗುವ ಧೈರ್ಯ ಬರುವ ತನಕ ಉಳಿದೆಲ್ಲ ಬಾಗಿಲುಗಳಲ್ಲಿ ಕೇಳುತ್ತಿರುತ್ತಾರೆ.