ಎದುರುಮನೆ ಸೇರಿದ ಸೋಫಾ

ಬೀಗ ತೆಗೆದು ಒಳಗೆ ಕಾಲಿಟ್ಟವಳಿಗೆ ಮೊದಲು ಅನ್ನಿಸಿದ್ದು ಕಳ್ಳರು ನುಗ್ಗಿದ್ದಾರೆ ಅಂತ. ಸೋಫಾ ಇಲ್ಲ. ಫ್ರಿಜ್ ಇಲ್ಲ. ಮಗಳು ಓದುವ ಮೇಜು, ಅದರ ಮೇಲಿದ್ದ ಕಂಪ್ಯೂಟರ್ ಎರಡೂ ಇಲ್ಲ. ಕಿಟಕಿಯ ಪರದೆಯನ್ನೂ ಬಿಟ್ಟಿಲ್ಲ ಪುಣ್ಯಾತ್ಮರು. ನಡುಮನೆಯಲ್ಲಿ ಅಂಚು ಕಿತ್ತುಹೋದ ಚಾಪೆಯೊಂದು ಹಾಸಿತ್ತು. ಅದರ ಮೇಲೆ, ನೆಲ ಒರೆಸುವುದಕ್ಕೆಂದು ಎತ್ತಿಟ್ಟಿದ್ದ ಅವಳ ಹಳೇ ಸೀರೆಯನ್ನು ಚೆನ್ನಾಗಿ ಮಡಚಿ ಇಟ್ಟಿದ್ದರು.

ಯಾವ ಕಳ್ಳನೂ ಸೀರೆ ಮಡಚಿಟ್ಟು ಹೋಗುವುದಿಲ್ಲ.

"ಅಕ್ಕಾ!"

ಎದುರುಮನೆ ಬಾಗಿಲು ತೆರೆಯಿತು. ಅಕ್ಕ ಸೆರಗಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಬಂದಳು, ಗೆದ್ದು ಬಂದವಳ ಹಾಗೆ.

"ಬಂದ್ಯಾ? ಬೇಗ ಆ ಸೀರೆ ಉಟ್ಕೋ. ಆ ಸ್ಕಾಲರ್‌ಶಿಪ್ ಆಫೀಸಿನ ಮೇಡಂ ಇನ್ನೇನು ಬಂದ್ಬಿಡ್ತಾರೆ. ಎಲ್ಲಾ ನಮ್ಮನೇಲಿದೆ, ಭದ್ರವಾಗಿದೆ. ನಿನ್ನ ಭಾವ ಮಾತ್ರ ಸೊಂಟ ಹಿಡ್ಕೊಂಡು ಮಲಗಿದ್ದಾರೆ. ಅದೇನು ಸೋಫಾನೋ, ಆನೆಮರಿನೋ!"

ಮೇಡಂ ಬೇಗ ಬಂದುಬಿಟ್ಟರೆ ಒಳಗೆ ಕೂರಿಸಲಿ ಅಂತ ಬೆಳಿಗ್ಗೆ ಇನ್ನೊಂದು ಕೀಲಿಕೈ ಕೊಟ್ಟುಹೋಗಿದ್ದು ಇವಳೇ. ಬಸ್ಸು ಕಟ್ಟುವ ಕಾರ್ಖಾನೆಯಲ್ಲಿ ಸೀಟು ಹೊಲಿಯುವವಳಿಗೆ ಅರ್ಧ ದಿನದ ರಜೆ ಸಿಗುವುದೇ ಹೆಚ್ಚು. ಆ ಸೋಫಾನೂ ಅವಳೇ ಹೊಲಿದದ್ದು. ಗಂಡ ತೀರಿಕೊಂಡ ವರ್ಷ, ಬರುವವರೆಲ್ಲ ನೆಲದ ಮೇಲೆ ಕೂತು ಅಯ್ಯೋ ಪಾಪ ಅಂದುಹೋಗುವುದು ಸಾಕಾಗಿ, ಹಳೇ ಮರದ ಚೌಕಟ್ಟು ತಂದು ಫೋಮು ತುಂಬಿ ಮಾಡಿದ್ದಳು.

ಮಗಳು ಪುಟ್ಟಿ ಕಾಲೇಜಿನಿಂದ ಓಡಿಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. "ದೊಡ್ಡಮ್ಮಾ, ಏನಿದು?"

"ನಿನ್ನ ಒಳ್ಳೇದಕ್ಕೇ ಕಣೇ. ಕಷ್ಟದಲ್ಲಿರೋ ಮನೆ ಮಕ್ಕಳನ್ನ ತಾನೆ ಆ ಫಾರಿನ್‌ನವರು ಒಂದು ವರ್ಷ ಅವರ ದೇಶದಲ್ಲಿ ಓದಿಸ್ತೀವಿ ಅಂದಿರೋದು? ಕಷ್ಟ ಕಣ್ಣಿಗೆ ಕಾಣ್ಬೇಕು. ಅಳದೇ ಇದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ." ಆಮೇಲೆ ತಂಗಿಯ ಕಡೆ ತಿರುಗಿ, "ಕಲ್ಲಿನ ಬಗ್ಗೆ ಓದೋಕೆ ಅಷ್ಟು ದೂರ ಯಾಕೋ ಆ ದೇವರಿಗೇ ಗೊತ್ತು. ಬೀದೀಲಿ ಬೇಕಾದಷ್ಟು ಬಿದ್ದಿದೆ," ಅಂದಳು.

"ಅಲ್ಲಿ ಬೆಂಕಿಬೆಟ್ಟ ಇದೆ ದೊಡ್ಡಮ್ಮ, ಜ್ವಾಲಾಮುಖಿ. ಕಲ್ಲು ಹುಟ್ಟೋದನ್ನೇ ನೋಡ್ಬಹುದು."

"ಹುಟ್ಟೋದು ನೋಡೋಕೆ ನೀನೇನು ಸೂಲಗಿತ್ತಿನಾ?"

ಸಾಮಾನು ವಾಪಸ್ ತರಿಸಬೇಕು ಅಂತ ಪುಟ್ಟಿಯ ತಾಯಿ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು. ಅಕ್ಕ ಸೀರೆಯನ್ನು ಅವಳ ಕೈಗೆ ತುರುಕಿ, ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಸೀರೆಯನ್ನು ಬಚ್ಚಲ ಕಡೆ ಎಸೆದಳು. ಬೇರೆ ಯಾವುದಕ್ಕೂ ಸಮಯವಿರಲಿಲ್ಲ.

ವಿದ್ಯಾರ್ಥಿವೇತನದ ಮೇಡಂ ವಯಸ್ಸಾದ ಹೆಂಗಸು. ಮಂಡಿನೋವು ಬೇರೆ. ಗೋಡೆ ಹಿಡಿದು ನಿಧಾನಕ್ಕೆ ಚಾಪೆಯ ಮೇಲೆ ಕೂತರು. ಕೂರುವಾಗ "ಅಮ್ಮಾ" ಅಂದದ್ದು ಅವಳಿಗೆ ಕೇಳಿಸಿತು. ಅತಿಥಿಯನ್ನು ನೆಲಕ್ಕೆ ಕೂರಿಸಿದೆನಲ್ಲ ಅಂತ ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ಮಗಳ ಒಂದು ವರ್ಷ ಈ ಹೆಂಗಸಿನ ಪೆನ್ನಿನ ತುದಿಯಲ್ಲಿತ್ತು. ಇವತ್ತೊಂದು ದಿನ ಬಾಯಿಗೆ ಬೀಗ ಹಾಕಿಕೊಂಡರೆ ಗಂಟೇನು ಹೋಗುತ್ತೆ ಅಂತ ತನಗೆ ತಾನೇ ಹೇಳಿಕೊಂಡಳು.

ಮೇಡಂ ಕೇಳುತ್ತ ಹೋದರು, ಪುಟ್ಟಿ ಉತ್ತರ ಕೊಡುತ್ತ ಹೋದಳು. ಬೆಂಕಿಬೆಟ್ಟದ ಮಾತು ಬಂದಾಗ ಹುಡುಗಿಯ ಕೈ ತಾನಾಗೇ ಗಾಳಿಯಲ್ಲಿ ಚಿತ್ರ ಬರೆಯುತ್ತಿತ್ತು. ಮೇಡಂ ನಕ್ಕರು. ಆಮೇಲೆ ಸುತ್ತ ಕಣ್ಣಾಡಿಸಿ, "ನೀನು ಕೂತು ಓದೋದೆಲ್ಲಿ ಮಗಳೇ?" ಅಂತ ಕೇಳಿದರು.

ಪುಟ್ಟಿ ತಾಯಿಯ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಚಾಪೆಯನ್ನು ಬೆರಳಿನಿಂದ ಮುಟ್ಟಿ, "ಇಲ್ಲೇ," ಅಂದಳು.

ಅದೊಂದು ಪದ ತಾಯಿಗೆ ಕಾರ್ಖಾನೆಯ ಸೂಜಿ ಉಗುರಿಗೆ ಹೊಕ್ಕ ಹಾಗಾಯಿತು. ಮನೆಯಲ್ಲಿ ಏನೇ ಕಡಿಮೆಯಿದ್ದರೂ ಈ ಹುಡುಗಿ ಯಾವತ್ತೂ ತಲೆ ತಗ್ಗಿಸಿ ಸುಳ್ಳು ಹೇಳಿರಲಿಲ್ಲ. ಇವತ್ತು ಹೇಳಿದ್ದಳು. ಕಲಿಸಿದ್ದು ಯಾರು?

"ಮೇಡಂ, ಸ್ವಲ್ಪ ಎದ್ದೇಳ್ತೀರಾ?" ಅಂದಳು. "ಇವಳಿಗೆ ಓದೋಕೆ ಮೇಜಿದೆ. ನಿಮಗೆ ಕೂರೋಕೆ ಸೋಫಾ ಇದೆ. ಎಲ್ಲಾ ಎದುರುಮನೇಲಿದೆ. ಬಡವರ ಹಾಗೆ ಕಾಣ್ಬೇಕು ಅಂತ ನಮ್ಮಕ್ಕ ಸಾಗಿಸಿದಾಳೆ. ನಾನು ಬಾಯಿ ಮುಚ್ಕೊಂಡು ಕೂತಿದ್ದೆ, ಅದು ನನ್ನ ತಪ್ಪು. ಪುಟ್ಟಿ, ಬಾ, ಸೋಫಾ ತರೋಣ, ಒಂದು ಕಡೆ ನೀನು ಹಿಡ್ಕೋ."

ಎದುರುಮನೆ ಬಾಗಿಲು ತಟ್ಟುವ ಮೊದಲೇ ತೆರೆಯಿತು. ಅಕ್ಕ ಕಿವಿಗೊಟ್ಟು ನಿಂತಿದ್ದಳೆಂದು ಕಾಣುತ್ತದೆ.

"ಹುಚ್ಚು ಹಿಡೀತೇನೇ ನಿನಗೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!"

"ಹಿಟ್ಟೂ ನನ್ನದೇ, ಹೂವೂ ನನ್ನದೇ. ಪಕ್ಕಕ್ಕೆ ಸರಿ ಅಕ್ಕ, ಕಾಲಿಗೆ ತಗುಲೀತು."

ತಾಯಿ ಮಗಳು ಇಬ್ಬರೇ ಏದುಸಿರು ಬಿಡುತ್ತ ಸೋಫಾ ಹೊತ್ತು ತಂದರು. ಬಾಗಿಲಲ್ಲಿ ಅದು ಸಿಕ್ಕಿಕೊಂಡಾಗ ಒಳಕೋಣೆಯಿಂದ ಭಾವ, "ಎಡಕ್ಕೆ ತಿರುಗಿಸ್ರೇ, ಎಡಕ್ಕೆ!" ಅಂತ ಮಲಗಿದಲ್ಲಿಂದಲೇ ಕೂಗಿದರು. ಕೊನೆಗೂ ಸೋಫಾ ಗೋಡೆ ಸೇರಿತು. ಮೇಡಂ ಕೂತು ಕಾಲು ಚಾಚಿಕೊಂಡರು.

"ನೋಡಿ ಅಮ್ಮ," ಅಂದರು ದನಿ ತಗ್ಗಿಸಿ. "ಸಾಮಾನು ಬಚ್ಚಿಟ್ಟಿದ್ದರು ಅಂತ ಬರೆದರೆ ಅಲ್ಲಿ ಆರಿಸೋಕೆ ಕೂತವರು ಮುಂದಕ್ಕೆ ಓದೋದೇ ಇಲ್ಲ. ಹುಡುಗಿ ಚುರುಕಾಗಿದಾಳೆ. ನಾನು ಒಳಗೆ ಬಂದಾಗ ಏನು ನೋಡಿದೆನೋ ಅಷ್ಟೇ ಬರೀತೀನಿ. ಚಾಪೆ ಇತ್ತು ಅಂತ. ಅದು ಸುಳ್ಳಲ್ಲವಲ್ಲ?"

ಆ ದನಿಯಲ್ಲಿ ನಿಜವಾದ ಅಂತಃಕರಣ ಇತ್ತು. ಅದಕ್ಕೇ ತಾಯಿಗೆ ಬೇಡ ಅನ್ನುವುದು ಕಷ್ಟವಾಯಿತು. ಮಾತಾಡಿದ್ದು ಪುಟ್ಟಿ.

"ಬೇಡ ಮೇಡಂ. ಒಂದು ವರ್ಷ ಅಲ್ಲಿ ಇರ್ಬೇಕಾದವಳು ನಾನು. ಚಾಪೆ ಮೇಲೆ ಓದಿದವಳು ಪಾಪ ಅಂತ ಅಲ್ಲಿ ಎಲ್ಲರೂ ಬೆನ್ನು ತಟ್ತಾರೆ. ವರ್ಷವಿಡೀ ತಟ್ಟಿಸ್ಕೊಳ್ಳೋಕೆ ನನ್ನಿಂದಾಗಲ್ಲ. ನೀವು ಕೂತಿರೋದು ಯಾವುದರ ಮೇಲೋ ಅದನ್ನೇ ಬರೀರಿ. ನಮ್ಮಮ್ಮ ಹೊಲಿದದ್ದು ಅಂತಾನೂ ಬರೀರಿ."

ಮೇಡಂ ಬರೆದರು. ಬಚ್ಚಿಟ್ಟದ್ದನ್ನೂ, ವಾಪಸ್ ತಂದದ್ದನ್ನೂ ಬರೆದು ಗಟ್ಟಿಯಾಗಿ ಓದಿ ಹೇಳಿದರು. ಇಳಿಯುವಾಗ ಮೆಟ್ಟಿಲ ತಿರುವಿನವರೆಗೂ ಪುಟ್ಟಿಯ ಕೈ ಹಿಡಿದುಕೊಂಡೇ ಹೋದರು.

ಉತ್ತರ ಬಂತು. ಈ ವರ್ಷ ಇಲ್ಲ. ಪದವಿ ಮುಗಿಯುವುದರೊಳಗೆ ಇನ್ನೊಂದು ಸಲ ಅರ್ಜಿ ಹಾಕಬಹುದು.

"ಕೈಗೆ ಬಂದ ತುತ್ತು," ಅಂತ ಅಕ್ಕ ಶುರುಮಾಡಿದಳು. ಓಣಿಗೆಲ್ಲ ಕೇಳುವ ಹಾಗೆ ಮೂರು ದಿನ ಅದನ್ನೇ ಹಾಡಿದಳು. ಪುಟ್ಟಿ ಒಂದು ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಳು. ತಾಯಿ ಬೇಡ ಅನ್ನಲಿಲ್ಲ, ಪಕ್ಕದಲ್ಲಿ ಕೂತಿದ್ದಳು ಅಷ್ಟೇ. ತನ್ನಿಂದಲೇ ಹೋಯಿತೇ ಅಂತ ಎದೆ ಹಿಂಡದೇ ಇರಲಿಲ್ಲ. ಆದರೆ ಆ "ಇಲ್ಲೇ" ನೆನಪಾದಾಗಲೆಲ್ಲ ಬೆನ್ನು ತಾನಾಗೇ ನೆಟ್ಟಗಾಗುತ್ತಿತ್ತು.

ಮರುವಾರ ಮೇಸ್ತ್ರಿಯ ಹತ್ತಿರ ಜಗಳವಾಡಿ ರಜೆ ತಗೊಂಡಳು. ಮಗಳನ್ನು ಕರೆದುಕೊಂಡು ಹೋಗಿ ಪಾಸ್‌ಪೋರ್ಟ್ ಆಫೀಸಿನ ಸಾಲಿನಲ್ಲಿ ನಿಂತಳು. ಕೌಂಟರಿನ ಗುಮಾಸ್ತ ಕತ್ತೆತ್ತದೆ ಕೇಳಿದ, "ಯಾವಾಗ ಪ್ರಯಾಣ?"

"ಗೊತ್ತಿಲ್ಲ."

"ಯಾರಾದ್ರೂ ಕರೆದಿದಾರಾ?"

"ಇಲ್ಲ. ಬೇಡ ಅಂದಿದಾರೆ."

ಗುಮಾಸ್ತ ಈಗ ಕತ್ತೆತ್ತಿದ. "ಮತ್ತೆ ಇಷ್ಟು ಅವಸರ ಯಾಕಮ್ಮ?"

"ಬೇಡ ಅಂದವರು ಬಾ ಅನ್ನೋಷ್ಟರಲ್ಲಿ ನಮ್ಮ ಕಡೆ ಕೆಲಸ ಬಾಕಿ ಇರಬಾರದು ನೋಡಿ," ಅಂದು ಅವಳು ಮಗಳನ್ನು ಕ್ಯಾಮೆರಾದ ಮುಂದಿನ ಸ್ಟೂಲಿನ ಕಡೆ ತಳ್ಳಿದಳು. "ಹೋಗು. ತಲೆ ಎತ್ತಿ ಕೂತ್ಕೋ."